ಓದದೆ ಮುಗಿದ ಕೈಗಳು

ವೈನಿ ನನ್ನನ್ನು ಬಚ್ಚಲಮನೆಗೆ ಕರೆದು, ಬಾಗಿಲಿಗೆ ಅಗಳಿ ಹಾಕಿ, ನನ್ನ ಬಲಗೈ ಹಿಡಿದು ತನ್ನ ಎಡ ಎದೆಯ ಮೇಲೆ ಇಟ್ಟುಕೊಂಡಳು. ಕಂಕುಳಿನ ಹತ್ತಿರ, ಚರ್ಮದ ಕೆಳಗೆ, ಬಾರಿಹಣ್ಣಿನಷ್ಟು ದಪ್ಪದ ಗಂಟೊಂದು ಬೆರಳಿಗೆ ಸಿಕ್ಕಿತು. ಒತ್ತಿದರೆ ಜರುಗುತ್ತಿರಲಿಲ್ಲ.

"ನೋವಾಕ್ಕೈತೇನು?" ಎಂದೆ.

"ನೋವಿದ್ರ ಯಾವಾಗರ ಹೇಳ್ತಿದ್ನಿ. ಇದು ಸುಮ್ನ ಕುಂತೈತಿ. ಬೀಗರ ಮನ್ಯಾಗ ಬಂದು ಕುಂತ ಮುದುಕಿ ಹಂಗ. ಏಳೂ ಅಂದ್ರ ಏಳೂದಿಲ್ಲ," ಎಂದು ನಕ್ಕಳು. ನಗುವಾಗ ಅವಳ ಎದೆ ನನ್ನ ಅಂಗೈಯ ಕೆಳಗೆ ಅಲುಗಿತು. ಗಂಟು ಮಾತ್ರ ಅಲುಗಲಿಲ್ಲ.

ನಾನು ಏಳನೇ ಇಯತ್ತೆ ಓದುತ್ತಿದ್ದಾಗ ಅಣ್ಣನ ಕೈಹಿಡಿದು ನಮ್ಮ ಮನೆಗೆ ಬಂದವಳು ಈ ವೈನಿ. ತಾನು ಸಾಲೆಯ ಕಟ್ಟೆ ಹತ್ತಿದವಳಲ್ಲ. ಆದರೆ ದಿನಾ ಮುಂಜಾನೆ ನನ್ನ ತಲೆ ಬಾಚಿ, ಎರಡು ಹೆರಳು ಹಾಕಿ, ಬುತ್ತಿ ಕಟ್ಟಿ ಸಾಲೆಗೆ ಅಟ್ಟಿದವಳು ಅವಳೇ. ನನಗೆ ಬಸವನ ಬಾಗೇವಾಡಿಯಲ್ಲಿ ಟೀಚರ್ ಕೆಲಸ ಸಿಕ್ಕಾಗ ಓಣಿಯ ತುಂಬ ಪೇಢೆ ಹಂಚಿದವಳೂ ಅವಳೇ. ಅವ್ವ ತೀರಿಕೊಂಡ ಮೇಲೆ ನನಗೆ ತವರು ಅಂದರೆ ವೈನಿ. ಇಂಡಿ ತಾಲೂಕಿನ ಝಳಕಿಯ ಹತ್ತಿರ ನಮ್ಮ ಮನೆ, ಮನೆಯ ಹಿಂದೆಯೇ ನಿಂಬೆಯ ತೋಟ. ದಸರಾ ಸೂಟಿಗೆ ಹೋದವಳು ನಾನು, ಅಂದೇ ಮಧ್ಯಾಹ್ನ ಅಣ್ಣನಿಗೆ ಹೇಳಿದೆ. ಅಣ್ಣ ನಿಂಬೆಹಣ್ಣು ಆರಿಸುತ್ತಿದ್ದವನು ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಕೈ ತೊಳೆದುಕೊಂಡ.

ಮೂವರೂ ವಿಜಯಪುರಕ್ಕೆ ಹೋದೆವು. ಡಾಕ್ಟರ್‌ಬಾಯಿ ಸೂಜಿ ಹಾಕಿ ತಪಾಸಣೆಗೆ ಕಳಿಸಿದರು. ವಾರ ಬಿಟ್ಟು ಮತ್ತೆ ಹೋದಾಗ ಕಾಗದ ಮುಂದಿಟ್ಟುಕೊಂಡು, "ಕ್ಯಾನ್ಸರ್ ಐತ್ರಿ. ಆದ್ರ ಸಣ್ಣದೈತಿ. ಲಗೂನ ಬಂದೀರಿ, ಚಲೋ ಮಾಡಿದ್ರಿ. ಈಗ ಆಪರೇಶನ್ ಮಾಡಿಸಿದ್ರ ಗುಣ ಆಗೂ ಆಶಾ ಭಾಳ ಐತಿ. ತಡಾ ಮಾಡಬ್ಯಾಡ್ರಿ," ಎಂದರು. ಎರಡು ವಾರ ಬಿಟ್ಟು ಬರುವ ಸೋಮವಾರ ಆಪರೇಶನ್ ಅಂತ ಗೊತ್ತು ಮಾಡಿದರು. ಅಣ್ಣ "ಆತ್ರಿ ಬಾಯಾರ" ಎಂದ. ತಿರುಗಿ ಬರುವಾಗ ಬಸ್ಸಿನಲ್ಲಿ ವೈನಿಗೆ ಒಂದೊಂದೇ ಮೋಸಂಬಿಯ ತೊಳೆ ಬಿಡಿಸಿ ಕೊಟ್ಟ. ಹೆಂಡತಿಗೆ ಮಂದಿಯ ಮುಂದೆ ಹಣ್ಣು ಬಿಡಿಸಿ ಕೊಡುವ ಗಂಡಸರು ನಮ್ಮ ಕಡೆ ಕಡಿಮೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದಿನದನ್ನು ಓದಿ ನೀವು ನಮ್ಮ ಅಣ್ಣನನ್ನು ಕಟುಕ ಅಂದುಕೊಳ್ಳಬಾರದು. ಅವನಿಗೆ ಅವಳ ಮೇಲೆ ಜೀವ.

ಈ ಸುದ್ದಿಯನ್ನು ಮುದ್ದೇಬಿಹಾಳದ ಅಕ್ಕನನ್ನು ಬಿಟ್ಟು ಬೇರೆ ಯಾರಿಗೂ ಹೇಳಬಾರದು ಅಂತ ಮಾತಾಯಿತು. ಹೆಂಗಸಿನ ಎದೆಯ ಮಾತನ್ನು ನಾಲ್ಕು ಮಂದಿಯ ಮುಂದೆ ಆಡುವ ಮನೆತನ ನಮ್ಮದಲ್ಲ. ಅದೇ ಮೊದಲ ತಪ್ಪು.

ಎರಡನೆಯದನ್ನು ಹೇಳಬೇಕಾದರೆ ನಮ್ಮ ಅಜ್ಜನಿಂದ, ಮುತ್ಯಾನಿಂದ ಶುರು ಮಾಡಬೇಕು. ಮುತ್ಯಾ ಕಥೆ ಹೇಳುವುದರಲ್ಲಿ ಗಟ್ಟಿಗ. ಸಂಜೆ ಕಟ್ಟೆಯ ಮೇಲೆ ಕುಳಿತನೆಂದರೆ ಓಣಿಯ ಹುಡುಗರೆಲ್ಲ ಸುತ್ತ ಸೇರುತ್ತಿದ್ದರು. ಆದರೆ ಕಥೆ ಶುರು ಮಾಡುವ ಮೊದಲು ಅವನದೊಂದು ಪ್ರಶ್ನೆ: "ಹೂಂ ಅನ್ನಾವ್ರು ಯಾರ್ರಲೇ?" ಆ ಕೆಲಸ ನನ್ನದು. ಮಾತು ಮಾತಿಗೆ ತಕ್ಕ ಜಾಗದಲ್ಲಿ ಹೂಂ ಅನ್ನಬೇಕು. ಅನ್ನದಿದ್ದರೆ ಕಥೆ ಅಲ್ಲಿಯೇ ನಿಂತುಬಿಡುತ್ತಿತ್ತು. ರಾಜನ ಮಗ ಹೊಳೆಯ ನಡುವೆಯೇ ಕುದುರೆಯ ಮೇಲೆ ಉಳಿಯುತ್ತಿದ್ದ. ಏಳು ತಲೆಯ ಹಾವು ಬಂದರೂ ಹೂಂ, ಕಲ್ಲು ಮಾತಾಡಿದರೂ ಹೂಂ. ಆ ಹೂಂಗೆ ನಂಬಿದೆ ಅನ್ನುವ ಅರ್ಥವಿಲ್ಲ. ನಿದ್ದೆ ಬಂದಿಲ್ಲ ಮುತ್ಯಾ, ಮುಂದೆ ಹೇಳು ಅಂತ ಅಷ್ಟೇ. ದೊಡ್ಡವರ ಮಾತುಕತೆಯಲ್ಲೂ ಇದೇ ರೀತಿ. ಹಿರಿಯರು ಮಾತಾಡುವಾಗ ಹೂಂ ಅನ್ನಬೇಕು, ತಪ್ಪು ಹೇಳಿದರೂ ಮಂದಿಯ ಮುಂದೆ ಅವರ ಮಾತು ಮುರಿಯಬಾರದು. ಮುರಿಯಲೇಬೇಕಾಗಿದ್ದರೆ ಆಮೇಲೆ ಒಳಗೆ ಕರೆದು, ಒಂದು ತಂಬಿಗೆ ನೀರು ಕೊಟ್ಟು, ಮೆಲ್ಲಗೆ ಹೇಳಬೇಕು. ನಾನು ಮಾತು ಕಲಿತದ್ದೇ ಹೀಗೆ.

ಈಗ ನಮ್ಮ ಮನೆತನದವರದೊಂದು ಗುಂಪು ಫೋನಿನಲ್ಲಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲೆಲ್ಲಿ ಹೆಣ್ಣು ಕೊಟ್ಟು ತಂದಿದ್ದೇವೋ ಅಲ್ಲಿಯವರೆಲ್ಲ ಅದರಲ್ಲಿದ್ದಾರೆ. ಮುಂಜಾನೆ ಎದ್ದರೆ ದೇವರ ಪಟ, ಹೂವು, ಶುಭದಿನ. ಅಣ್ಣ ಹಿರಿಯ ಮನೆಯ ಹಿರಿಯ ಮಗ. ಅವನು ಏನು ಹಾಕಿದರೂ ಕೆಳಗೆ ಎಲ್ಲರೂ ಕೈಮುಗಿದ ಆ ಸಣ್ಣ ಚಿತ್ರ ಒತ್ತುತ್ತಾರೆ. ಹಾಕಿದ್ದನ್ನು ತೆರೆದು ನೋಡುವವರು ಯಾರೂ ಇಲ್ಲ. ನಾನೂ ನೋಡುತ್ತಿರಲಿಲ್ಲ. ಬಸ್ಸಿನಲ್ಲಿ ನಿಂತು, ಸಾಲೆಯ ಪ್ರಾರ್ಥನೆಯ ಗಂಟೆಗೆ ಮುಂಚೆ, ಒಲೆಯ ಮೇಲೆ ಹಾಲಿಟ್ಟು, ಹೆಬ್ಬೆರಳು ತಾನೇ ಹೋಗಿ ಕೈ ಮುಗಿದು ಬರುತ್ತಿತ್ತು.

ಅಣ್ಣನಿಗೆ ಈ ಫೋನಿನ ಹುಚ್ಚು ಹಿಡಿದದ್ದು ನಿಂಬೆಯಿಂದಲೇ. ಒಂದು ವರ್ಷ ಪೇಟೆಗೆ ಒಯ್ದ ಹಣ್ಣನ್ನು ದಲಾಲಿಯವ ಕೈಯಲ್ಲಿ ಎತ್ತಿ ನೋಡದೆ, "ನಿಮ್ಮ ನಿಂಬಿಕಾಯಿ ಯಾರಿಗೆ ಬೇಕ್ರಿ ಈಗ" ಎಂದನಂತೆ. ಅಣ್ಣ ಆ ಮಾತನ್ನು ತಿಂಗಳುಗಟ್ಟಲೆ ಹೇಳಿಕೊಂಡ. ಅದೇ ಹೊತ್ತಿಗೆ ಯಾರೋ ಒಂದು ವಿಡಿಯೋ ಕಳಿಸಿದರು. ಅದರಲ್ಲಿ ಬಿಳಿ ಬಟ್ಟೆಯ ಒಬ್ಬ ಮನುಷ್ಯ ನಿಂಬೆಹಣ್ಣನ್ನು ಅಂಗೈಯಲ್ಲಿಟ್ಟುಕೊಂಡು, "ಇದನ್ನು ಬೆಳೆಯುವ ರೈತನಿಗೆ ಗೊತ್ತಿಲ್ಲ, ತಾನು ಬೆಳೆಯುತ್ತಿರುವುದು ಅಮೃತ ಎಂದು" ಎನ್ನುತ್ತಿದ್ದ. ಅಣ್ಣ ಅದನ್ನು ನನಗೆ ನಾಲ್ಕು ಸಲ ತೋರಿಸಿದ. ಅದು ಮುಗಿದ ಕೂಡಲೇ ಫೋನು ಇನ್ನೊಂದು ತೋರಿಸಿತು, ಅದರ ಹಿಂದೆ ಮತ್ತೊಂದು. ಆಮೇಲೆ ಅಂಥವರದೇ ಗುಂಪುಗಳು. ಒಂದರಲ್ಲಿ ಸೇರಿದರೆ ಅವರು ಇನ್ನೊಂದಕ್ಕೆ ಕರೆಯುತ್ತಿದ್ದರು. "ನಮ್ಮ ನಿಂಬೀನ ಈಗ ನಾಡೇ ಕೊಂಡಾಡಾಕತ್ತೈತಿ ತಂಗೆವ್ವಾ" ಎಂದಾಗ ಅವನ ಮುಖ ಅರಳಿದ್ದನ್ನು ನೋಡಿ ನಾನೂ ಹೌದಣ್ಣಾ ಎಂದಿದ್ದೆ. ಒಬ್ಬ ಮನುಷ್ಯ ಖುಷಿಯಾಗಿದ್ದಾನೆ, ಇರಲಿ ಬಿಡು ಅಂತ.

ಗೊತ್ತಾದ ಸೋಮವಾರ ನಾನು ರಜೆ ಹಾಕಿ, ಮುಂಜಾನೆಯ ಮೊದಲ ಬಸ್ಸಿಗೆ ಬಾಗೇವಾಡಿಯಿಂದ ಹೊರಟು ಆಸ್ಪತ್ರೆಯ ಬಾಗಿಲಲ್ಲಿ ನಿಂತೆ. ಚೀಲದಲ್ಲಿ ಎರಡು ನೈಟಿ, ಒಂದು ತಾಟು, ಒಂದು ಲೋಟ. ಒಂಬತ್ತಾಯಿತು. ಹತ್ತಾಯಿತು. ಅಣ್ಣನ ಫೋನು ಬಡಿದುಕೊಳ್ಳುತ್ತಿತ್ತು, ಎತ್ತಲಿಲ್ಲ. ನರ್ಸು ಎರಡು ಸಲ ಹೊರಗೆ ಬಂದು, "ಎಲ್ಲಿ ಅದಾರ್ರಿ ನಿಮ್ಮ ಪೇಶಂಟ್?" ಎಂದಳು. ಮೂರನೆಯ ಸಲ ಬಂದು ಬೇರೆ ಹೆಸರು ಕೂಗಿದಳು. ನಾನು ಚೀಲ ಎತ್ತಿಕೊಂಡು ಝಳಕಿಯ ಬಸ್ಸು ಹತ್ತಿದೆ.

ಮನೆಗೆ ಹೋದರೆ ವೈನಿ ಅಂಗಳದಲ್ಲಿ ಹೊರಸಿನ ಮೇಲೆ ಕುಳಿತು ಲೋಟದಿಂದ ಏನೋ ಕುಡಿಯುತ್ತಿದ್ದಳು. ಕುಡಿದು ಮುಖ ಕಿವುಚಿದಳು. ನಿಂಬೆಯ ರಸಕ್ಕೆ ಭಜಿಯ ಹಿಟ್ಟಿಗೆ ಹಾಕುವ ಸೋಡಾ ಪುಡಿ ಕಲಸಿದ್ದು. ಪಕ್ಕದಲ್ಲಿ ಅಣ್ಣ ಇನ್ನೊಂದು ಹಣ್ಣು ಹಿಂಡುತ್ತಿದ್ದ.

"ಏನಣ್ಣಾ ಇದು? ನಾ ಅಲ್ಲಿ ಬಾಗಲಾ ಕಾಯ್ಕೋತ ನಿಂತೇನಿ!"

"ಕುಂದ್ರು. ಮೊದ್ಲ ನೀರು ಕುಡಿ. ಬಿಸಲಾಗ ಬಂದಿ," ಎಂದ ಅಣ್ಣ. ನಾನು ಕೂರಲಿಲ್ಲ. ಅವನು ತಲೆ ಎತ್ತದೆ ಹೇಳಿದ. "ಗಂಟಿಗೆ ಕತ್ರಿ ಹಚ್ಚಬಾರ್ದಂತ ತಂಗೆವ್ವಾ. ಹಚ್ಚಿದ್ರ ಮೈ ತುಂಬ ಹರಡ್ತೈತಿ. ಅದು ವಿಷಾನ ಒಂದ ಕಡೆ ಕಟ್ಟಿ ಇಟ್ಟಿರೂ ಗಂಟು. ಬಿಚ್ಚಿದಿ, ಮುಗೀತು."

"ಯಾರಂದ್ರು?"

"ಯಾರಂದ್ರು ಅಂದ್ರ? ಎಲ್ಲಾರೂ. ನೂರಾರು ಮಂದಿ ಗುಣ ಆಗ್ಯಾರ. ದಿನಾ ಬರೀತಾರ."

"ಡಾಕ್ಟರ್‌ಬಾಯಿ ಹೇಳಿದ್ದು ಸುಳ್ಳೇನು ಹಂಗಾರ?"

"ಅವರಿಗೆ ಅವರ ದಂಧೆ," ಎಂದ. ನಮ್ಮ ಅಣ್ಣನ ಬಾಯಲ್ಲಿ ಅಂಥ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ಮಾತು ಅವನದು ಅನ್ನಿಸಲಿಲ್ಲ. ಬೇರೆಯವರ ಅಂಗಿ ತೊಟ್ಟ ಹಾಗಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು. ಸಾಲೆಯಲ್ಲಿ ಮಕ್ಕಳಿಗೆ ಮಾಡಿ ತೋರಿಸಿ ಕಲಿಸುವವಳಲ್ಲವೇ ನಾನು? ನನ್ನ ಫೋನನ್ನೂ ಅವನ ಫೋನನ್ನೂ ಹೊರಸಿನ ಮೇಲೆ ಅಕ್ಕಪಕ್ಕ ಇಟ್ಟೆ. "ಎರಡಕ್ಕೂ ಒಂದಽ ಮಾತು ಕೇಳೂಣು. ನೋಡು ಏನ್ ಬರ್ತೈತಿ," ಎಂದು ಎರಡಕ್ಕೂ ಒಂದೇ ಪ್ರಶ್ನೆ ಹೇಳಿದೆ: ಎದೆಯ ಗಂಟಿಗೆ ಏನು ಮಾಡಬೇಕು? ನನ್ನ ಫೋನಿನಲ್ಲಿ ಡಾಕ್ಟರರು ಬಂದರು. ಆಪರೇಶನ್ ಮಾಡಿಸಿಕೊಂಡು ಹತ್ತು ವರ್ಷವಾಯಿತು ಎನ್ನುವ ಒಬ್ಬ ಅಜ್ಜಿ ಬಂದಳು. ಅಣ್ಣನ ಫೋನಿನಲ್ಲಿ ಅದೇ ಬಿಳಿ ಬಟ್ಟೆಯವನು, ಅದೇ ನಿಂಬೆಹಣ್ಣು. ಅವನ ಕೆಳಗೆ ಡಾಕ್ಟರರು ಮುಚ್ಚಿಟ್ಟ ಸತ್ಯ. ಅದರ ಕೆಳಗೆ ಕತ್ತರಿಗೆ ಬಲಿಯಾದವರು.

"ನೋಡಿದ್ಯಾ?" ಎಂದೆ, ಗೆದ್ದವಳ ಹಾಗೆ. "ಕೇಳಿದ್ದು ಒಂದಽ. ನಿನ್ನ ಫೋನು ನಿನಗ ಬೇಕಾದ್ದು ತೋರಿಸ್ತೈತಿ."

ಅಣ್ಣ ಎರಡೂ ಫೋನುಗಳನ್ನು ಬಹಳ ಹೊತ್ತು ನೋಡಿದ. "ಮತ್ತ ನಿಂದು ನಿನಗ ಬೇಕಾದ್ದು ತೋರಿಸ್ತೈತಲ್ಲ?" ಎಂದ.

ಸಾಲೆಯ ಟೀಚರು, ಇಪ್ಪತ್ತು ವರ್ಷ ಕಲಿಸಿದವಳು, ಅಂಗಳದಲ್ಲಿ ಬಾಯಿ ತೆರೆದು ನಿಂತೆ. ಉತ್ತರ ಫೋನಿನಲ್ಲಿ ಇರಲಿಲ್ಲ, ಡಾಕ್ಟರ್‌ಬಾಯಿಯ ಕೈಯಲ್ಲಿದ್ದ ಆ ಕಾಗದದಲ್ಲಿ ಇತ್ತು ಅಂತ ಹೊಳೆದದ್ದು ತಿರುಗಿ ಬರುವ ಬಸ್ಸಿನಲ್ಲಿ. ಅಂಗಳದಲ್ಲಿ ನಾನು ಹೇಳಿದ್ದು ಬರೀ, "ಹಂಗಲ್ಲಣ್ಣಾ, ಹಂಗಲ್ಲ."

"ಅವ್ವನ್ನ ಕೊಯ್ಸಿದ್ವಿ," ಎಂದ ಅಣ್ಣ ಮೆಲ್ಲಗೆ. "ನಾನಽ ಸಹಿ ಮಾಡಿದ್ನಿ. ಉಳದ್ಲಾ?"

ಅವ್ವನದು ಹೊಟ್ಟೆಯ ಬೇನೆ. ಮುಚ್ಚಿಟ್ಟುಕೊಂಡು, ಕೊನೆಗೆ ತಡೆಯಲಾರದೆ ಹೇಳಿದ್ದಳು. ಆ ಸಹಿಯನ್ನು ಅಣ್ಣ ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದಾನೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಫೋನಿಗೆ ಗೊತ್ತಾಗಿತ್ತು. ಅವನು ದಿನಾ ಏನನ್ನು ಹುಡುಕುತ್ತಾನೆ, ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾನೆ ಅಂತ ನೋಡಿ ನೋಡಿ, ಅವನ ಭಯವನ್ನೇ ಬಡಿಸುತ್ತಿತ್ತು.

ಅಣ್ಣ ಮಾತು ಕೇಳುವ ಒಬ್ಬರೇ ಹಿರಿಯರು ಉಳಿದಿದ್ದರು. ಸಿಂದಗಿ ತಾಲೂಕಿನ ಯಂಕಂಚಿಯಲ್ಲಿರುವ ನಮ್ಮ ಸೋದರಮಾವ. ಮರುದಿನವೇ ಹೋದೆ. ಮಾವ ಕಟ್ಟೆಯ ಮೇಲೆ ಕುಳಿತು ಎಲೆ ಹಾಕುತ್ತಿದ್ದರು. ಎಲ್ಲವನ್ನೂ ಹೇಳಿದೆ, ನಾಚಿಕೆ ಬಿಟ್ಟು ಹೇಳಿದೆ. ಕೊನೆಗೆ, "ಮಾಮಾ, ನೀವೂ ಅವನ ಮಾತಿಗೆ ದಿನಾ ಕೈ ಮುಗದೀರಲ್ರಿ ಗುಂಪಿನ್ಯಾಗ. ಓದೀರಿಲ್ಲೋ ಅದನ್ನ?" ಎಂದೆ.

"ಓದಾಕ ಎಲ್ಲಿ ಕಾಣ್ತೈತೆವ್ವಾ ನನಗ? ಚಾಳಿಸ ಒಡದು ಆರ ತಿಂಗ್ಳಾತು. ಮೊಮ್ಮಗಳು ಫೋನ್ ಹಿಡಕೊಂಡು 'ಮುತ್ಯಾ, ಇಂಡಿ ಮಾಮಾ ಹಾಕ್ಯಾನ, ಕೈ ಮುಗೀಲೇನು?' ಅಂತಾಳ. ನಾ ಮುಗಿಯವ್ವ ಅಂತೇನಿ. ದೊಡ್ಡ ಮನಿ ಹುಡುಗ, ಪಾಪ, ಮುಗದ್ರ ಏನ್ ಹೋಗ್ತೈತಿ?"

ಆ ದುಃಖದಲ್ಲೂ ನನಗೆ ನಗು ಬಂತು. ಮಾವನೂ ನಕ್ಕರು. ನಗು ಮುಗಿದ ಮೇಲೆ ಬಾಯಲ್ಲಿದ್ದ ಎಲೆ ಉಗುಳಿ, "ನಡಿ. ನಾ ಬರ್ತೇನಿ. ಅವನ ಕಿವಿ ಹಿಂಡಿ ಕರಕೊಂಡು ಹೋಗೂಣು," ಎಂದರು. ಮುದ್ದೇಬಿಹಾಳಕ್ಕೆ ಫೋನು ಹಚ್ಚಿ ಅಕ್ಕನಿಗೂ ಬರಹೇಳಿದೆ. ಅಕ್ಕ ಅಣ್ಣನಿಗಿಂತ ದೊಡ್ಡವಳು. ಮೂವರು ಸೇರಿದರೆ ಆಗದ ಕೆಲಸವಲ್ಲ ಅಂದುಕೊಂಡೆ.

ಆದಿತ್ಯವಾರ ಮೂವರೂ ಮನೆಯ ಪಡಸಾಲೆಯಲ್ಲಿ ಕುಳಿತೆವು. ಚಹಾ ಆಯಿತು. ಮಾವ ಗಂಟಲು ಸರಿಪಡಿಸಿಕೊಂಡು, "ಏನಪಾ, ಏನಿದು ನಿಂದು ಹೊಸಾ ವೈದ್ಯಕಿ?" ಎಂದರು. ಒಳ್ಳೆಯ ಶುರುವೇ. ಆದರೆ ಅಣ್ಣ ಹೇಳತೊಡಗಿದ. ಅವನೂ ಮುತ್ಯಾನ ಮೊಮ್ಮಗನೇ ತಾನೆ? ಮೈಯೊಳಗಿನ ಹುಳಿ, ಖಾರ, ವಿಷ, ಗಂಟು, ಎಲ್ಲವನ್ನೂ ಕಥೆ ಮಾಡಿ ಹೇಳಿದ. ಪೂನಾದ ಒಬ್ಬ ಹೆಂಗಸು ಹೇಗೆ ಗುಣವಾದಳು, ಅವಳ ಗಂಡ ಹೇಗೆ ಅತ್ತ. ಹೇಳುತ್ತ ಹೇಳುತ್ತ ಅವನ ದನಿ ಮುತ್ಯಾನ ದನಿಯ ಹಾಗೆ ಏರಿ ಇಳಿಯಿತು. ನಾನು ಮಾವನ ಮುಖ ನೋಡಿದೆ. ಮಾವ ತಲೆ ಆಡಿಸುತ್ತಿದ್ದರು.

"ಹೂಂ," ಎಂದರು ಮಾವ. ಮತ್ತೆ, "ಹೂಂ... ಹೌದೇನು... ಹೂಂ."

"ಮಾಮಾ, ಹೂಂ ಅನಬ್ಯಾಡ್ರಿ!" ಎಂದು ಕೂಗಿಬಿಟ್ಟೆ.

ಅಕ್ಕ ನನ್ನ ತೊಡೆ ಚಿವುಟಿದಳು. "ಹಿರೇರಿಗೆ ಹಂಗಂತಾರೇನು? ಬಾಗೇವಾಡಿ ನೀರು ಕುಡದು ಇದನ್ನ ಕಲತ್ಯಾ?" ಮಾವ ಮುಜುಗರದಿಂದ ಎಲೆಯ ಚಂಚಿ ತಡಕಿದರು. "ಅಲ್ಲವ್ವಾ, ಅವ ಹೇಳಾಕತ್ತಾನ... ಕೇಳಬೇಕಲ್ಲ..."

ಅಣ್ಣ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಫೋನು ತೆಗೆದು, ನಮ್ಮ ಮನೆತನದ ಗುಂಪನ್ನು ತೆರೆದು ನನ್ನ ಮುಂದೆ ಹಿಡಿದ. ಗಂಟಿಗೆ ಕತ್ತರಿ ಹಚ್ಚಬೇಡಿ ಅನ್ನುವ ಬರಹ ಅಲ್ಲಿತ್ತು. ಆ ಸೋಮವಾರಕ್ಕೆ ಮೂರು ದಿನ ಮೊದಲು ಅವನು ಹಾಕಿದ್ದು. ಅದರ ಕೆಳಗೆ ಮುಗಿದ ಕೈಗಳು, ಸಾಲು ಸಾಲು.

"ನಾ ಹುಚ್ಚ ಆದ್ರ ಇವರೆಲ್ಲಾ ಹುಚ್ಚರೇನು? ಒಬ್ರರ ತಪ್ಪಂದ್ರ? ನಾ ಹೆಸರ ಹೇಳಿಲ್ಲ, ಆದ್ರ ಕೇಳಬೇಕಂತನಽ ಹಾಕಿದ್ನಿ. ಮನಸಿನ್ಯಾಗ ಅಳಕಿತ್ತು. ಯಾರರ ಬ್ಯಾಡಂತಾರೇನು ನೋಡೂಣು ಅಂತ ಎರಡ ದಿನಾ ಕಾದ್ನಿ."

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವೈನಿ ಒಳಗೆ ಬಂದಳು. ಅವಳು ಫೋನಿನ ಮೇಲೆ ಬೆರಳಿಟ್ಟು, ಒಂದು ಸಣ್ಣ ದುಂಡನೆಯ ಚಿತ್ರ ತೋರಿಸಿದಳು. ಸಾಲೆಯ ಕಾರ್ಯಕ್ರಮದಲ್ಲಿ ಹಸಿರು ಸೀರೆ ಉಟ್ಟು ತೆಗೆಸಿಕೊಂಡ ನನ್ನ ಫೋಟೋ.

"ನನಗ ಓದಾಕ ಬರೂದಿಲ್ಲ ತಂಗಿ," ಎಂದಳು. "ಇವರು ಓದಿ ಹೇಳಿದ್ರು. ನಾ ಕೇಳಿದ್ನಿ, ನಮ್ಮ ಟೀಚರ ಏನಂದಾಳ್ರಿ ಅಂತ. ಇಲ್ಲಿ ನೋಡು, ಕೈ ಮುಗದಾಳ ಅಂತ ತೋರಿಸಿದ್ರು. ನಿನ್ನ ಫೋಟೋ ನನಗ ಗುರ್ತ ಸಿಗ್ತೈತಿ. ನೀ ಬ್ಯಾಡಂದಿದ್ರ ನಾ ಇವರನ್ನ ಬಿಟ್ಟು ನಡಕೋತರ ಹೋಗ್ತಿದ್ನಿ ಆಸ್ಪತ್ರಿಗೆ."

ಆಕ್ಷೇಪದ ದನಿಯಿರಲಿಲ್ಲ ಅದರಲ್ಲಿ. ಹೇಗೆ ಆಯಿತು ಅಂತ ಹೇಳುತ್ತಿದ್ದಳು ಅಷ್ಟೇ.

ಆ ಶುಕ್ರವಾರ ನಾನು ಎಲ್ಲಿದ್ದೆ, ಏನು ಮಾಡುತ್ತಿದ್ದೆ ಅಂತ ಎಷ್ಟು ಸಲ ನೆನಪಿಸಿಕೊಂಡಿದ್ದೇನೋ. ನೆನಪಿಗೆ ಬರುವುದಿಲ್ಲ. ಮಕ್ಕಳ ಹಾಜರಿ ಕರೆಯುತ್ತಿದ್ದಿರಬಹುದು. ಹಾಲು ಉಕ್ಕುತ್ತಿದ್ದಿರಬಹುದು. ಗಂಟು ಅನ್ನುವ ಅಕ್ಷರ ನನ್ನ ಕಣ್ಣ ಮುಂದೆಯೇ ಹಾದುಹೋಗಿತ್ತು. ವೈನಿಯ ಎದೆಯನ್ನು ಮುಟ್ಟಿ ನೋಡಿದ್ದ ಅದೇ ಕೈಯ ಹೆಬ್ಬೆರಳು ಅದರ ಮೇಲೆ ಒತ್ತಿ ಮುಂದೆ ಹೋಗಿತ್ತು.

"ನಾ ಓದಿರಲಿಲ್ಲ ವೈನಿ," ಎಂದೆ. "ಖರೇನ ಓದಿರಲಿಲ್ಲ. ಈಗ ಹೇಳ್ತೇನಿ, ಬ್ಯಾಡ. ಇದನ್ನ ಕುಡೀಬ್ಯಾಡ. ನಾಳಿನ ನಡಿ."

ವೈನಿ ಗಂಡನ ಮುಖ ನೋಡಿದಳು. ಅಣ್ಣ ಹೇಳಿದ, "ಈಗ ಹೇಳ್ತಾಳ. ಡಾಕ್ಟರ್‌ಬಾಯಿ ಫೋನ್ ಮಾಡಿ ಬೈದಿರಬೇಕು ಇಕೀಗೆ."

ಬಾಗೇವಾಡಿಗೆ ಬಂದು ಮರುದಿನ ಗುಂಪಿನಲ್ಲಿ ಬರೆದೆ. ಮನೆತನದ ಮರ್ಯಾದೆ ಹೋದರೂ ಹೋಗಲಿ ಅಂತ ಬರೆದೆ. ಅಣ್ಣ ಹಾಕುವುದನ್ನು ನಾನು ಎಂದೂ ಓದಿಲ್ಲ, ಓದದೆ ಕೈ ಮುಗಿದಿದ್ದೇನೆ. ಗಂಟಿನ ಬಗ್ಗೆ ಅವನು ಹಾಕಿದ್ದು ತಪ್ಪು. ನಮ್ಮ ಮನೆಯಲ್ಲಿಯೇ ಒಬ್ಬರ ಜೀವ ಅದರಿಂದ ಅಪಾಯದಲ್ಲಿದೆ. ನೀವೂ ಓದದೆ ಕೈ ಮುಗಿದಿದ್ದರೆ ದಯಮಾಡಿ ಇಲ್ಲಿ ಹಾಗಂತ ಹೇಳಿರಿ. ಅಳುತ್ತ ಬರೆದೆ, ಮೂರು ಸಲ ತಿದ್ದಿದೆ, ಕಳಿಸಿದೆ.

ಸ್ವಲ್ಪ ಹೊತ್ತಿಗೆ ಉತ್ತರಗಳು ಬರತೊಡಗಿದವು. ಸಿಂದಗಿಯ ಒಬ್ಬ ಅಳಿಯ ಕೈ ಮುಗಿದ. ಮುದ್ದೇಬಿಹಾಳದ ಸೊಸೆಯೊಬ್ಬಳು ಕೈ ಮುಗಿದಳು. ಇನ್ನೊಬ್ಬರು, ಮತ್ತೊಬ್ಬರು. ನನ್ನ ಬರಹದ ಕೆಳಗೂ ಸಾಲು ಸಾಲು ಮುಗಿದ ಕೈಗಳು. ಒಬ್ಬರೂ ಓದಿರಲಿಲ್ಲ. ಟೀಚರು ಏನೋ ಹಾಕಿದ್ದಾಳೆ, ಒಳ್ಳೆಯದೇ ಇರಬೇಕು. ಅವುಗಳ ನಡುವೆ ಒಂದು ಸಣ್ಣ ಸಾಲು: ಅಣ್ಣ ಗುಂಪು ಬಿಟ್ಟಿದ್ದಾನೆ.

ಓದಿದವನು ಅವನೊಬ್ಬನೇ.

ಅಲ್ಲಿಂದ ಮುಂದೆ ಅವನಿಗೆ ಉಳಿದದ್ದು ಆ ನಿಂಬೆಯವರ ಗುಂಪುಗಳು ಮಾತ್ರ. ನಾವೊಬ್ಬರು ಬೇಡ ಎನ್ನುವವರು ಇದ್ದೆವಲ್ಲ, ಆ ಬಾಗಿಲನ್ನೂ ನಾನೇ ಮುಚ್ಚಿದಂತಾಯಿತು. ನನ್ನ ಫೋನು ಎತ್ತುತ್ತಿರಲಿಲ್ಲ. ಎರಡು ಸಲ ಹೋದೆ. ಅಣ್ಣ ತೋಟದಿಂದ ಮನೆಯೊಳಗೆ ಬರಲಿಲ್ಲ. ವೈನಿ ಊಟಕ್ಕೆ ಬಡಿಸಿದಳು, ಆಸ್ಪತ್ರೆಗೆ ಬಾ ಎಂದರೆ ತಲೆ ಅಲ್ಲಾಡಿಸಿದಳು. "ಇವರನ್ನ ಬಿಟ್ಟು ನಾ ಹೆಂಗ ಬರ್ಲಿ? ನನಗ ಗುಣ ಆಗಾಕತ್ತೈತಿ ಅಂತ ಇವರು ದಿನಾ ಬರೀತಾರ ಆ ಗುಂಪಿನ್ಯಾಗ. ನಾ ಹೋದ್ರ ಇವರ ಮಾತು ಏನಾತು?" ಅಕ್ಕನನ್ನು ಕಳಿಸಿದೆ. ಅಕ್ಕ ಅತ್ತು ಕರೆದು ತಿರುಗಿ ಬಂದಳು. ಯಾರ ಕಾಲು ಹಿಡಿಯಲಿ ಅಂತ ಗೊತ್ತಾಗದೆ ಒಂದು ದಿನ ಡಾಕ್ಟರ್‌ಬಾಯಿಯ ಹತ್ತಿರವೇ ಹೋದೆ. "ನಾವು ಮನಿಗೆ ಬಂದು ಎಳಕೊಂಡು ಬರಾಕ ಆಗೂದಿಲ್ರಿ ಟೀಚರ" ಎಂದರು. ಅವರ ಕಣ್ಣಲ್ಲೂ ಸೋತ ಕಳೆಯಿತ್ತು. ಇಂಥವರು ನಾವೊಬ್ಬರೇ ಅಲ್ಲ ಅಂತ ಅದರಿಂದಲೇ ತಿಳಿಯಿತು.

ಬೇಸಿಗೆ ಹತ್ತುವ ಹೊತ್ತಿಗೆ ನೆರೆಮನೆಯವರ ಫೋನಿನಿಂದ ವೈನಿ ಮಾತಾಡಿದಳು.

"ತಂಗಿ, ಒಡದೈತಿ. ವಾಸನಿ ಬರಾಕತ್ತೈತಿ. ರೊಟ್ಟಿ ಬಡೀಬೇಕಾದ್ರ ನನಗಽ ಬರ್ತೈತಿ. ಇವರು ಹೇಳ್ತಾರ, ವಿಷಾ ಹೊರಗ ಹೊಂಟೈತಿ, ಚಲೋ ಆತು ಅಂತ. ನನಗ ಹಂಗ ಅನಸೂದಿಲ್ಲ. ಕರಕೊಂಡು ಹೋಗು."

ಹೋಗಿ ಕರೆತಂದೆ. ಅಣ್ಣ ಬೇಡ ಎನ್ನಲಿಲ್ಲ. ಹಿಂದೆ ಹಿಂದೆ ಬಂದ, ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತ. ಡಾಕ್ಟರ್‌ಬಾಯಿ ಸೆರಗು ಸರಿಸಿ ನೋಡಿ, ಮತ್ತೆ ಹೊದಿಸಿದರು. ಈಗ ಕತ್ತರಿ ಹಚ್ಚಲು ಬರುವುದಿಲ್ಲ, ಮೊದಲು ಔಷಧಿಯ ಸಲಾಯಿನ್ ಹಚ್ಚಿ ನೋಡೋಣ, ಗಂಟು ಸಣ್ಣದಾದರೆ ಆಮೇಲೆ ಆಪರೇಶನ್ ಎಂದರು. ಸಣ್ಣದಾಗದಿದ್ದರೆ ಅಂತ ನಾನು ಕೇಳಲಿಲ್ಲ.

ಮೂರು ವಾರಕ್ಕೊಮ್ಮೆ ಒಂದರಂತೆ ಮೂರು ಸಲ ಆಯಿತು. ವೈನಿಯ ಕೂದಲು ಉದುರಿತು. ನನಗೆ ಎರಡು ಹೆರಳು ಹಾಕಿದ ಬೆರಳುಗಳ ಉಗುರು ಕಪ್ಪಾದವು. ಕನ್ನಡಿ ನೋಡಿಕೊಂಡು, "ನೋಡ ತಂಗಿ, ನಿನ್ನ ಮುತ್ಯಾನಽ ಬಂದು ಕುಂತಂಗ ಕಾಣ್ತೇನಿ," ಎಂದಳು. ಉಂಡದ್ದು ನಿಲ್ಲುತ್ತಿರಲಿಲ್ಲ. ಮೂರನೆಯದರ ನಂತರ ಅಳತೆ ನೋಡಿದರು. ಡಾಕ್ಟರ್‌ಬಾಯಿ ನನ್ನೊಬ್ಬಳನ್ನೇ ಒಳಗೆ ಕರೆದರು. ಗಂಟು ಕರಗಿಲ್ಲ. ಬೇರೆ ಔಷಧಿ ಕೊಟ್ಟು ನೋಡಬಹುದು, ಮೈಗೆ ಇನ್ನೂ ಕಷ್ಟ, ಆಶೆ ಕಡಿಮೆ, ಮನೆಯವರು ವಿಚಾರ ಮಾಡಿ ಹೇಳಿರಿ ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತಿದ್ದ ಅಣ್ಣನಿಗೆ ಹೇಳಿದೆ. ಅವನು ತಲೆ ಮೇಲೆ ಕೈ ಹೊತ್ತು ಕುಳಿತ. ಕಣ್ಣಲ್ಲಿ ನೀರು ಬಂತು. ಆ ಕ್ಷಣ, ಇಷ್ಟು ತಿಂಗಳಲ್ಲಿ ಮೊದಲ ಸಲ, ನನ್ನ ಅಣ್ಣ ನನಗೆ ಸಿಕ್ಕ ಅನ್ನಿಸಿತು. ಅವನ ಹೆಗಲ ಮೇಲೆ ಕೈ ಇಟ್ಟೆ.

"ನಾ ಹೇಳಿದ್ನಿಲ್ಲ?" ಎಂದ ಅಣ್ಣ, ಒದ್ದೆ ದನಿಯಲ್ಲಿ. "ಹೇಳಿದ್ನಿಲ್ಲ ನಾ? ನಿಂಬಿ ಹಿಡಕೊಂಡಿತ್ತು ಅದನ್ನ. ನೀವು ಬಿಡಿಸಿದ್ರಿ. ಈ ಸಲಾಯಿನ ಹಚ್ಚಿ ಕೆಡಿಸಿದ್ರಿ."

ನನ್ನ ಕೈಯನ್ನು ಅವನು ಸರಿಸಲೂ ಇಲ್ಲ. ಅದೇ ಬೆಂಚಿನಲ್ಲಿ, ನನ್ನ ಪಕ್ಕದಲ್ಲಿಯೇ, ಫೋನನ್ನು ಬಾಯಿಯ ಹತ್ತಿರ ಹಿಡಿದು ತನ್ನ ಗುಂಪಿಗೆ ಹೇಳತೊಡಗಿದ. ಮೂರು ಸಲ ಇಂಗ್ಲಿಷ್ ಔಷಧಿ ಹಚ್ಚಿದರೂ ನಮ್ಮ ಮನೆಯವರಿಗೆ ಗುಣವಾಗಿಲ್ಲ, ಕೂದಲು ಹೋದವು, ಶಕ್ತಿ ಹೋಯಿತು, ಯಾರೂ ಈ ತಪ್ಪು ಮಾಡಬೇಡಿರಿ. ಅವನ ಒಂದು ಮಾತೂ ಸುಳ್ಳಲ್ಲ. ಎಲ್ಲವೂ ಆದದ್ದೇ. ನಮ್ಮ ಮನೆಯ ನೋವು ನನ್ನ ಕಣ್ಣ ಮುಂದೆಯೇ ಆ ಫೋನಿನೊಳಗೆ ಹೋಗಿ ಇನ್ನೊಬ್ಬರ ಮನೆಯ ಸಾಕ್ಷಿಯಾಗಿ ಹೊರಟಿತ್ತು. ಯಾವುದೋ ಊರಿನಲ್ಲಿ, ಯಾವಳೋ ಒಬ್ಬಳ ಗಂಡ ಅದನ್ನು ಕೇಳುತ್ತಿದ್ದಾನೆ. ನಾನು ಫೋನಿಗೆ ಕೈ ಹಾಕಿದೆ. ಅಣ್ಣ ಮಗುವಿನ ಹಾಗೆ ಅದನ್ನು ಎದೆಗೆ ಅವುಚಿಕೊಂಡ. ಸುತ್ತಲಿನ ಮಂದಿ ನೋಡುತ್ತಿದ್ದರು. ಕೈ ಬಿಟ್ಟೆ.

ವಾರ್ಡಿನೊಳಗೆ ವೈನಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಾಗಿಲು ತೆರೆದೇ ಇತ್ತು. ಅವನು ಹೇಳಿದ್ದೆಲ್ಲ ಕೇಳಿಸಿತ್ತು.

"ಸಣ್ಣ ಆಗಿಲ್ಲ ಅಲಾ?" ಎಂದಳು.

"ಆಗಿಲ್ಲ ವೈನಿ."

"ಇನ್ನೊಂದು ಔಷಧ ಐತಂತೇನು?"

"ಐತಿ. ಭಾಳ ತ್ರಾಸ ಆಕ್ಕೈತಂತ. ಆಶಾ ಕಡಿಮಿ ಅಂದ್ರು."

ವೈನಿ ಮೊಣಕೈ ಊರಿ, ಅರ್ಧಕ್ಕೆ ಎದ್ದು ಕುಳಿತಳು. ಅಷ್ಟಕ್ಕೇ ಉಸಿರು ಹತ್ತಿತು.

"ಆ ಇನ್ನೊಂದು ಔಷಧಾನೂ ಹಚ್ಚಲಿ. ಹೆಬ್ಬಟ್ಟು ಒತ್ತೂ ಕಾಗದ ತರಿಸು. ಇವರನ್ನ ಕೇಳಬ್ಯಾಡ. ನಿನ್ನೂ ಕೇಳೂದಿಲ್ಲ ನಾ," ಎಂದಳು. "ಎದಿ ನಂದೈತಿ."

ನರ್ಸು ಕಾಗದ ತಂದಳು. ನಾನು ಅದನ್ನು ಅಕ್ಷರ ಅಕ್ಷರ ಬಿಡದೆ, ಕೆಟ್ಟದ್ದನ್ನೂ ಬಿಡದೆ ಓದಿ ಹೇಳಿದೆ. ಓದಲು ಬಹಳ ಹೊತ್ತು ಹಿಡಿಯಿತು. ವೈನಿ ಕಪ್ಪಾದ ಉಗುರಿನ ಹೆಬ್ಬೆರಳನ್ನು ಮಸಿಗೆ ಅದ್ದಿ, ಎಲ್ಲಿ ಅಂತ ಕೇಳಿದಳು. ಜಾಗ ತೋರಿಸಿದೆ.